ಗಾಳಿಯ ಪಾಲು

ಯಜಮಾನರು ಒಳಕೋಣೆಯ ಟ್ರಂಕಿನಿಂದ ಹಳೇ ಪಂಚೆಯ ಗಂಟೊಂದನ್ನು ತಂದು ಜಗಲಿಯ ಮೇಲೆ ಬಿಚ್ಚಿದರು. ಒಳಗಿದ್ದದ್ದು ಒಂದು ಮೊಳ ಉದ್ದದ ಮರದ ತುಂಡು. ನಡುವೆ ಸ್ವಲ್ಪ ಬಾಗಿದೆ. ಒಂದು ಮೈ ಬೂದಿ ಬಣ್ಣ. ಇನ್ನೊಂದು ಮೈ ಸುಟ್ಟು ಇದ್ದಿಲಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. "ಮೂಸಿ ನೋಡಿ ಸಾ" ಎಂದರು.

ಮೊದಲಿಗೆ ಸಿಕ್ಕಿದ್ದು ತಣ್ಣಗಾದ ಒಲೆಯ ವಾಸನೆ. ಮೂಗನ್ನು ಹಾಗೇ ಹಿಡಿದಿದ್ದಾಗ ಜೋನಿಬೆಲ್ಲ ಬಂತು. ಅದರ ಹಿಂದೆ, ಎಷ್ಟೋ ದೂರದಲ್ಲಿ, ಒಣಕೊಬ್ಬರಿ.

ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯ ಬದಿಯ ಬಡಾವಣೆಯೊಂದರಲ್ಲಿ ಅವರ ಮನೆ. ಬೆಂಗಳೂರಿನ ಸಿಂಗಲ್ ಮಾಲ್ಟ್ ವಿಸ್ಕಿಯ ಕಥೆ ಬರೆಯಬೇಕೆಂದು ಹೊರಟವನಿಗೆ, ಮದ್ಯದ ಗೋದಾಮಿನಲ್ಲಿ ಮೂವತ್ತು ವರ್ಷ ಪೀಪಾಯಿ ನೋಡಿಕೊಂಡವರು ಒಬ್ಬರಿದ್ದಾರೆ ಎಂದು ಗೆಳೆಯನೊಬ್ಬ ಹೇಳಿದ್ದ. ತಮ್ಮ ಹೆಸರನ್ನೂ ದುಡಿದ ಕಾರ್ಖಾನೆಯ ಹೆಸರನ್ನೂ ಬರೆಯಬಾರದೆಂದು ಯಜಮಾನರು ಮೊದಲೇ ಮಾತು ತೆಗೆದುಕೊಂಡರು. ಅರ್ಧ ಗಂಟೆಗೆಂದು ಹೋದವನು ಸಂಜೆಯವರೆಗೂ ಆ ಪೀಪಾಯಿ ಹಲಗೆಯ ಮುಂದೆಯೇ ಕೂತಿದ್ದೆ.

ಅವರ ತಂದೆ ಮಾಗಡಿ ಕಡೆಯ ಬಡಗಿ. ಎತ್ತಿನ ಗಾಡಿಯ ಚಕ್ರ ಕಟ್ಟುತ್ತಿದ್ದವರು. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಸುರಿದರೆ, ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿಯಾಗಿ ಕಚ್ಚಿಕೊಳ್ಳುವುದನ್ನು ಮಗ ನೋಡುತ್ತಲೇ ಬೆಳೆದ. ಗೋದಾಮಿನಲ್ಲಿ ಮೊದಲ ಸಲ ಪೀಪಾಯಿ ಕಂಡಾಗ, "ಇದೂ ನಮ್ಮಪ್ಪನ ಕೆಲ್ಸವೇ" ಅನ್ನಿಸಿತಂತೆ. ಅಂಟಿಲ್ಲ, ಮೊಳೆಯಿಲ್ಲ. ಬಾಗಿದ ಹಲಗೆಗಳನ್ನು ಕಬ್ಬಿಣದ ಬಳೆಗಳು ಹಿಡಿದಿಟ್ಟಿರುತ್ತವೆ, ಅಷ್ಟೇ. ಎಲ್ಲಾದರೂ ಜಿನುಗಿದರೆ ಬಳೆಯನ್ನು ಸುತ್ತಿಗೆಯಿಂದ ತಟ್ಟಿ ಹೊಟ್ಟೆಯ ಕಡೆಗೆ ಇಳಿಸಬೇಕು, ಸಣ್ಣ ತೂತಾದರೆ ಮರದ ಬೆಣೆ ಹೊಡೆಯಬೇಕು. ಪೀಪಾಯಿ ಎಂಬ ನಮ್ಮ ಮಾತೇ ಪೋರ್ಚುಗೀಸರ 'ಪಿಪಾ'ದಿಂದ ಬಂದದ್ದು. ಕಡಲು ದಾಟಿ ಬಂದ ಆ ವಸ್ತುವಿನ ರಿಪೇರಿಗೆ ಮಾಗಡಿಯ ಗಾಡಿ ಚಕ್ರದ ಕೈಗುಣ ಒದಗಿತು ಎಂಬುದನ್ನು ನನಗೆ ಮರೆಯಲಾಗುತ್ತಿಲ್ಲ.

ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಕಟ್ಟಿದ ಬಾರ್ಲಿಯೊಂದರಿಂದಲೇ ತಯಾರಾದ ವಿಸ್ಕಿ. ರಾಗಿ ಮಾಲ್ಟ್ ಮಾಡಿದವರಿಗೆ ಮೊದಲ ಹೆಜ್ಜೆ ಗೊತ್ತೇ ಇದೆ: ನೆನೆಸು, ಮೊಳಕೆ ಬರಿಸು, ಒಣಗಿಸು, ಪುಡಿ ಮಾಡು. ಆಮೇಲೆ ಬಿಸಿನೀರಿನಲ್ಲಿ ಅದರ ಸಿಹಿ ಹಿಂಡಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಬರುವುದು ನೀರಿನಷ್ಟೇ ತಿಳಿಯಾದ, ಖಾರವಾದ ದ್ರವ. ವಿಸ್ಕಿಯ ಹೊನ್ನಿನ ಬಣ್ಣ, ರುಚಿಯ ಬಹುಪಾಲು, ಎರಡೂ ಮರದ ಕೊಡುಗೆ.

ಈ ಮಾತಿನ ನಡುವೆ ಯಜಮಾನರ ಮನೆಯಾಕೆ ಕಾಫಿ ತಂದಿಟ್ಟು ಒಂದು ಮಾತು ಸೇರಿಸಿದರು. "ನಮ್ಮ ಉಪ್ಪಿನಕಾಯಿ ಜಾಡಿ ರುಚಿ ಕೊಡಕ್ಕಿಲ್ಲ, ಕೆಡಿಸಕ್ಕೂ ಇಲ್ಲ. ಇವ್ರ ಪೀಪಾಯಿ ಹಂಗಲ್ಲ, ತನ್ನದನ್ನೂ ಬೆರೆಸ್ತದೆ." ವಿಸ್ಕಿಯನ್ನು ನಾಲಗೆಗೂ ಸೋಕಿಸದ ಆಕೆಯ ಮಾತಿಗಿಂತ ಸ್ಪಷ್ಟವಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಅಮೆರಿಕದ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಲ್ಲಿನ ಕಾನೂನು. ಒಮ್ಮೆ ಬಳಸಿದ್ದು ಬರ್ಬನ್‌ಗೆ ಮತ್ತೆ ಒದಗದು. ಹಾಗಾಗಿ ಸುಮಾರು 200 ಲೀಟರಿನ ಆ ಪೀಪಾಯಿಗಳು ಸ್ಕಾಟ್ಲೆಂಡಿಗೂ ನಮ್ಮಲ್ಲಿಗೂ ಹಡಗೇರುತ್ತವೆ. ಬೆಂಕಿ ತಾಗಿದಾಗ ಮರದೊಳಗಿನ ಲಿಗ್ನಿನ್ ಒಡೆದು ವೆನಿಲಾದ ಪರಿಮಳವಾಗುತ್ತದೆ, ಮರದ ಸಕ್ಕರೆ ಕಂದುತ್ತದೆ. ಓಕ್‌ನ ಲ್ಯಾಕ್ಟೋನ್ ಎಂಬ ಅಂಶ ಕೊಬ್ಬರಿಯ ವಾಸನೆ ಕೊಡುತ್ತದೆ. ನನ್ನ ಮೂಗಿಗೆ ಸಿಕ್ಕಿದ್ದು ಅದೇ. ಯಜಮಾನರು ಹಲಗೆಯ ಕೊಯ್ದ ಅಂಚನ್ನು ತಿರುಗಿಸಿ ತೋರಿಸಿದರು. ಇದ್ದಿಲಿನ ಪದರದಿಂದ ಕೊಂಚ ಒಳಗೆ, ಬಳಪದಲ್ಲಿ ಎಳೆದ ಹಾಗೆ ಒಂದು ಕಂದುಗೆಂಪು ಗೆರೆ. "ಅಲ್ಲೀಗಂಟ ಕುಡ್ದದೆ ನೋಡಿ ಮರ." ಬಿಸಿಲು ಏರಿದಾಗ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಂಪಾದಾಗ ಮರದ ಸತ್ವವನ್ನು ಹೊತ್ತು ಹಿಂದೆ ಸರಿಯುತ್ತದೆ.

ಸ್ಪೇನಿನ ಹೆರೆಸ್ ಕಡೆಯಿಂದ ಬರುವ ಶೆರಿ ಪೀಪಾಯಿ ಇನ್ನೂ ದೊಡ್ಡದು, 500 ಲೀಟರಿನ ಆಸುಪಾಸು. ಅದರಲ್ಲಿ ಮಾಗಿದ್ದಕ್ಕೆ ಒಣದ್ರಾಕ್ಷಿ, ಉತ್ತುತ್ತೆ, ಚಕ್ಕೆ ಲವಂಗದ ಘಮ. ಇನ್ನು ಹೊಗೆಯ ರುಚಿ ಮರದ್ದಲ್ಲ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿ, ಹುಲ್ಲು ಗಟ್ಟಿಯಾಗಿ ಪೀಟ್ ಎಂಬ ಮಣ್ಣಾಗುತ್ತದೆ. ಅದನ್ನು ಉರಿಸಿ ಬಾರ್ಲಿ ಒಣಗಿಸಿದರೆ ಹೊಗೆ ಕಾಳಿಗೇ ಹತ್ತುತ್ತದೆ. ಅಂಥದ್ದನ್ನು ಮೊದಲ ಸಲ ಮೂಸಿದಾಗ ನನಗೆ ನೆನಪಾದದ್ದು ಮಳೆಗಾಲದ ಮಲೆನಾಡಿನ ಬಚ್ಚಲೊಲೆ.

ನಮ್ಮ ಸಿಂಗಲ್ ಮಾಲ್ಟ್‌ನ ಇತಿಹಾಸ ಚಿಕ್ಕದು. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಆರಂಭಿಸಿದರು. ಈಗ ಅದು ಇರುವುದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ನಮ್ಮ ದೇಶದ ಹೆಚ್ಚಿನ ವಿಸ್ಕಿ ಕಾಕಂಬಿಯ ಮದ್ಯಸಾರದಿಂದ ಆಗುತ್ತಿದ್ದ ಕಾಲದಲ್ಲಿ ಅಲ್ಲಿ ಉತ್ತರ ಭಾರತದ ಬಾರ್ಲಿಯಿಂದ ಮಾಲ್ಟ್ ತೆಗೆದು ಮಿಶ್ರಣಕ್ಕೆ ಬಳಸುತ್ತಿದ್ದರು. ಅದನ್ನೇ ಒಂಟಿಯಾಗಿ ಏಕೆ ಮಾರಬಾರದೆಂದು ಯೋಚಿಸಿದವರು ಮಗ ನೀಲಕಂಠ ಜಗದಾಳೆ. ಅವರು ಅದನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 2004ರ ಆಗಸ್ಟ್‌ನಲ್ಲಿ. ವಿಸ್ಕಿಯ ತವರಿಗೇ ಹೋಗಿ ರುಚಿ ನೋಡಿ ಎಂದ ಆ ಧೈರ್ಯವನ್ನು ನಾನು ತುಂಬ ದೊಡ್ಡದೆಂದು ತಿಳಿದಿದ್ದೇನೆ. ವಿಮರ್ಶಕ ಜಿಮ್ ಮರ್ರೆ ತಮ್ಮ 'ವಿಸ್ಕಿ ಬೈಬಲ್'ನ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯದು ಎಂದರು. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಬಾರ್ಲಿಯೂ ಸೇರಿದ ವಿಸ್ಕಿ ಅದು. ನೀಲಕಂಠ ಜಗದಾಳೆ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಬೆಂಗಳೂರಿನದೇ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್ ಕೂಡ 2012ರಲ್ಲಿ ಲಂಡನ್ನಿನಲ್ಲೇ ಮೊದಲು ಕಣ್ಣು ಬಿಟ್ಟಿತು.

ಆದರೆ ಯಜಮಾನರಿಗೆ ಅಂಕ, ಪ್ರಶಸ್ತಿ ಯಾವುದೂ ದೊಡ್ಡದಲ್ಲ. ಅವರ ಮಾತು ಮತ್ತೆ ಮತ್ತೆ ಹೊರಳುತ್ತಿದ್ದದ್ದು ಆವಿಯ ಕಡೆಗೆ. ಬಿರಡೆ ಬಿಗಿದಿದ್ದರೂ ಮರ ಉಸಿರಾಡುತ್ತದೆ. ಹಾಗೆ ಹೋಗುವುದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ. ಇವರು 'ಗಾಳಿ ಪಾಲು' ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ 2, ಬೆಂಗಳೂರಿನಲ್ಲಿ ಶೇ 10ರಿಂದ 12. 200 ಲೀಟರ್ ತುಂಬಿ ಐದು ವರ್ಷ ಬಿಟ್ಟರೆ ಅಲ್ಲಿ 180 ಲೀಟರ್ ಉಳಿದೀತು, ಇಲ್ಲಿ 112ರ ಹತ್ತಿರ. ಎಂಟು ವರ್ಷ ಕಳೆದರೆ ಇಲ್ಲಿ ಅರ್ಧವೂ ಇಲ್ಲ. 2013ರಲ್ಲಿ ಎಂಟು ವರ್ಷದ ವಿಸ್ಕಿಯೊಂದನ್ನು ಅಮೃತ್ ಹೊರತಂದಾಗ ಸಿಕ್ಕಿದ್ದು ಬರೀ 144 ಬಾಟಲಿ. ಅದಕ್ಕೆ ಗ್ರೀಡಿ ಏಂಜಲ್ಸ್, ಅಂದರೆ ಆಸೆಬುರುಕ ದೇವತೆಗಳು ಎಂದೇ ಹೆಸರಿಟ್ಟರು.

ಗೋದಾಮಿನಲ್ಲಿ ಬಿರಡೆ ತೆಗೆಯದೆಯೇ ಯಜಮಾನರಿಗೆ ಮಟ್ಟ ಗೊತ್ತಾಗುತ್ತಿತ್ತು. ಬೆರಳ ಗೆಣ್ಣಿನಿಂದ ಪೀಪಾಯಿಯ ಮುಖವನ್ನು ಮೇಲಿನಿಂದ ಕೆಳಗೆ ತಟ್ಟುತ್ತ ಬರಬೇಕು. ಮೇಲೆ ಟೊಳ್ಳು ಸದ್ದು, ಮದ್ಯ ಇರುವಲ್ಲಿ ಮಂದ. ಸದ್ದು ಬದಲಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಮರುವರ್ಷ ಅದರ ಕೆಳಗೆ ಇನ್ನೊಂದು. "ಒಂದೊಂದು ಪೀಪಾಯಿ ಮ್ಯಾಲೆ ನಾಕೈದು ಗೆರೆ ಇರೋವು ಸಾ. ನೋಡ್ತಾ ನಿಂತ್ರೆ ಹೊಟ್ಟೆ ಉರಿಯೋದು. ಆದ್ರೆ ಗೆರೆ ಇಳಿದಷ್ಟೂ ಘಮ ಏರೋದು, ಅದೂ ನಿಜ."

ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಬಾಟಲಿಯ ಮೇಲಿನ 12, 18 ಎಂಬ ಅಂಕಿ ನೋಡಿ ಕೊಳ್ಳುವವರೇ ಹೆಚ್ಚು. ಆ ಲೆಕ್ಕ ಚಳಿ ದೇಶದ್ದು. ನಾಲ್ಕೈದು ಬೇಸಿಗೆಯಲ್ಲೇ ಹಣ್ಣಾಗಿ, ಅರ್ಧದ ಹತ್ತಿರ ಗಾಳಿಗೆ ಕೊಟ್ಟು ಉಳಿದದ್ದನ್ನು ವಯಸ್ಸು ಕಡಿಮೆ ಎಂದು ಪಕ್ಕಕ್ಕಿಡುವುದು ನನಗೆ ಅನ್ಯಾಯವೆನಿಸುತ್ತದೆ. ಹಲಸಿನ ಹಣ್ಣನ್ನು ನಾವು ತಿಂಗಳೆಣಿಸಿ ಕೊಳ್ಳುವುದಿಲ್ಲ, ತಟ್ಟಿ, ಮೂಸಿ ಕೊಳ್ಳುತ್ತೇವೆ.

ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹಲಗೆಯದೊಂದು ಫೋಟೊ ತೆಗೆಯಲೇ ಎಂದೆ. ಒಡೆದ ಪೀಪಾಯಿಯೊಂದರಿಂದ ನಿವೃತ್ತಿಯ ದಿನ ಕೇಳಿ ತಂದದ್ದಂತೆ. ಆಗ ಟ್ರಂಕಿನ ಮುಚ್ಚಳ ತೆಗೆದರೆ ಸಾಕು, ಇಡೀ ಕೋಣೆ ಘಮ್ಮೆನ್ನುತ್ತಿತ್ತಂತೆ. "ಈಗ ನಿಮ್ಗೆ ಬಂದಿದ್ದೇ ಹೆಚ್ಚು. ಮೊಮ್ಮಕ್ಕಳು ಬರೀ ಮರ ಅಂತಾರೆ" ಎಂದರು ಅವರ ಮನೆಯಾಕೆ. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಯಜಮಾನರು ಹಲಗೆಯನ್ನು ಪಂಚೆಯಲ್ಲಿ ಸುತ್ತತೊಡಗಿದ್ದರು. "ಫೋಟೊ ಇನ್ನೊಂದಿನ ಸಾ. ಆಗ್ಲಿಂದ ಗಾಳಿಗೆ ಬಿಟ್ಟಿದೀವಿ."