ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮ್ಯಾನುಯಲ್ ಫೋಕಸ್ ಮಸೂರಗಳ ಬಳಕೆ

ಫಿಲ್ಮ್ ಕ್ಯಾಮೆರಾಗಳಿಗಾಗಿ ತಯಾರಾದ, ಕೈಯಿಂದಲೇ ಫೋಕಸ್ ಮಾಡಬೇಕಾದ ಮಸೂರಗಳನ್ನು ಅಡಾಪ್ಟರ್ ಎಂಬ ಲೋಹದ ಉಂಗುರದ ಮೂಲಕ ಮಿರರ್‌ಲೆಸ್ (ಕನ್ನಡಿರಹಿತ) ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸಿ ಬಳಸುವುದು ಛಾಯಾಗ್ರಹಣದಲ್ಲಿ ಪ್ರಚಲಿತವಾಗಿರುವ ಒಂದು ಕ್ರಮವಾಗಿದೆ. ಫುಲ್-ಫ್ರೇಮ್ ಸಂವೇದಕದ ಅಳತೆ 36×24 ಮಿ.ಮೀ. ಆಗಿದ್ದು, ಇದು 35 ಮಿ.ಮೀ. ಫಿಲ್ಮಿನ ಚೌಕಟ್ಟಿಗೆ ಸಮನಾಗಿದೆ. ಆದ್ದರಿಂದ ಈ ಬಗೆಯ ಕ್ಯಾಮೆರಾದಲ್ಲಿ ಹಳೆಯ ಮಸೂರವು ತನ್ನ ಮೂಲ ನೋಟದ ಕೋನವನ್ನು ಉಳಿಸಿಕೊಳ್ಳುತ್ತದೆ. ಚಿಕ್ಕದಾದ ಎಪಿಎಸ್-ಸಿ ಸಂವೇದಕದಲ್ಲಿ 50 ಮಿ.ಮೀ. ಮಸೂರವು ಸುಮಾರು 75 ಮಿ.ಮೀ. ಮಸೂರದಷ್ಟು ಕಿರಿದಾದ ನೋಟವನ್ನು ನೀಡುತ್ತದೆ.

ತತ್ವ

ಮಸೂರವನ್ನು ಕೂರಿಸುವ ಮೌಂಟ್‌ನಿಂದ ಸಂವೇದಕದವರೆಗಿನ ಅಂತರವನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮೇಲಕ್ಕೆ ಮಡಚಿಕೊಳ್ಳುವ ಕನ್ನಡಿಗೆ ಜಾಗ ಬೇಕಾಗುವುದರಿಂದ ಈ ದೂರ ಹೆಚ್ಚಾಗಿರುತ್ತದೆ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಅದು ಬಹಳ ಕಡಿಮೆ. ಕೆಲವು ಮೌಂಟ್‌ಗಳ ಫ್ಲ್ಯಾಂಜ್ ದೂರ ಹೀಗಿದೆ:

- ನಿಕಾನ್ ಎಫ್: 46.5 ಮಿ.ಮೀ.
- ಎಂ42 ತಿರುಪು ಮೌಂಟ್: 45.46 ಮಿ.ಮೀ.
- ಕ್ಯಾನನ್ ಇಎಫ್: 44 ಮಿ.ಮೀ.
- ಕ್ಯಾನನ್ ಎಫ್‌ಡಿ: 42 ಮಿ.ಮೀ.
- ಲೈಕಾ ಎಂ: 27.8 ಮಿ.ಮೀ.
- ಕ್ಯಾನನ್ ಆರ್‌ಎಫ್: 20 ಮಿ.ಮೀ.
- ಸೋನಿ ಇ: 18 ಮಿ.ಮೀ.
- ನಿಕಾನ್ ಜ಼ಡ್: 16 ಮಿ.ಮೀ.

ಎರಡು ದೂರಗಳ ವ್ಯತ್ಯಾಸವೇ ಅಡಾಪ್ಟರಿನ ದಪ್ಪ. ಕ್ಯಾನನ್ ಎಫ್‌ಡಿ ಮಸೂರವನ್ನು ಸೋನಿ ಇ ಕ್ಯಾಮೆರಾಗೆ ಜೋಡಿಸಲು 24 ಮಿ.ಮೀ. ದಪ್ಪದ ಉಂಗುರ ಸಾಕು. ಅದರೊಳಗೆ ಗಾಜು ಇರಬೇಕಾಗಿಲ್ಲ. ಮಸೂರದ ಫ್ಲ್ಯಾಂಜ್ ದೂರವು ಕ್ಯಾಮೆರಾದ ದೂರಕ್ಕಿಂತ ಕಡಿಮೆಯಿದ್ದರೆ, ಹೆಚ್ಚುವರಿ ಗಾಜಿಲ್ಲದೆ ಅನಂತ ದೂರದ ವಸ್ತುಗಳಿಗೆ ಫೋಕಸ್ ದೊರೆಯುವುದಿಲ್ಲ.

ಹಿನ್ನೆಲೆ

1971ರಲ್ಲಿ ಬಂದ ಕ್ಯಾನನ್ ಎಫ್‌ಡಿ ಮಸೂರಗಳ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. 1987ರಲ್ಲಿ ಕ್ಯಾನನ್ ಸ್ವಯಂಚಾಲಿತ ಫೋಕಸ್ ಇರುವ ಇಎಫ್ ಮೌಂಟ್‌ಗೆ ಬದಲಾಯಿತು. ಹೊಸ ಮೌಂಟ್ 2 ಮಿ.ಮೀ. ಹೆಚ್ಚು ಆಳವಾಗಿದ್ದುದರಿಂದ ಎಫ್‌ಡಿ ಮಸೂರಗಳು ಆ ಕ್ಯಾಮೆರಾಗಳಿಗೆ ನೇರವಾಗಿ ಹೊಂದಲಿಲ್ಲ. ಹೀಗಾಗಿ ಉತ್ತಮ ಗುಣಮಟ್ಟದ ಮಸೂರಗಳೂ ಮೂಲೆಗುಂಪಾದವು. ಸೋನಿ ಸಂಸ್ಥೆಯು 2013ರಲ್ಲಿ ಆಲ್ಫಾ 7 ಸರಣಿಯ ಫುಲ್-ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳನ್ನು ಹೊರತಂದ ಬಳಿಕ, ಅವು ಪೂರ್ಣ ಚೌಕಟ್ಟಿನಲ್ಲಿ ಮತ್ತೆ ಬಳಕೆಗೆ ಬಂದವು. 2018ರಲ್ಲಿ ನಿಕಾನ್ ಜ಼ಡ್ ಮತ್ತು ಕ್ಯಾನನ್ ಆರ್‌ಎಫ್ ಮೌಂಟ್‌ಗಳು ಬಂದವು.

ಅನಂತರ ಫುಲ್-ಫ್ರೇಮ್ ಕ್ಯಾಮೆರಾಗಳ ಗಾತ್ರವೂ ಕುಗ್ಗಿತು. ಬ್ಯಾಟರಿ ಮತ್ತು ಕಾರ್ಡ್ ಸಹಿತ ಸಿಗ್ಮಾ ಎಫ್‌ಪಿ (2019) 422 ಗ್ರಾಂ, ಸೋನಿ ಆಲ್ಫಾ 7ಸಿ (2020) 509 ಗ್ರಾಂ ತೂಗುತ್ತವೆ. ಆದರೆ ಕಿರಿದಾದ ಗಾತ್ರವು ಕೈಯಿಂದ ಫೋಕಸ್ ಮಾಡುವವರಿಗೆ ಕೆಲವು ತೊಡಕುಗಳನ್ನೂ ತರುತ್ತದೆ. ಆಲ್ಫಾ 7ಸಿಯ ವ್ಯೂಫೈಂಡರ್ ಚಿಕ್ಕದು. ಸಿಗ್ಮಾ ಎಫ್‌ಪಿಯಲ್ಲಿ ಒಳ ಅಳವಡಿಕೆಯ ವ್ಯೂಫೈಂಡರ್ ಇಲ್ಲ. ಬಿಸಿಲಿನಲ್ಲಿ ಹಿಂಬದಿಯ ಪರದೆಯನ್ನು ನೋಡಿ ಫೋಕಸ್ ಮಾಡುವುದು ಕಷ್ಟ.

ಬಳಕೆಯ ವಿಧಾನ

ಗಾಜಿಲ್ಲದ ಸರಳ ಅಡಾಪ್ಟರಿನಲ್ಲಿ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಕ್ಯಾಮೆರಾಗೆ ಮಸೂರದ ಅರಿವಿರುವುದಿಲ್ಲ. ಸೋನಿಯ ಹಲವು ಮಾದರಿಗಳಲ್ಲಿ, ಮಸೂರವಿಲ್ಲದಿದ್ದರೂ ಶಟರ್ ಕೆಲಸ ಮಾಡುವ ಆಯ್ಕೆಯನ್ನು ಮೊದಲು ಸಕ್ರಿಯಗೊಳಿಸಬೇಕು. ದ್ಯುತಿರಂಧ್ರವನ್ನು ಮಸೂರದ ಮೇಲಿನ ಉಂಗುರದಿಂದ ಹೊಂದಿಸಲಾಗುತ್ತದೆ. ಅಪರ್ಚರ್ ಆದ್ಯತೆಯ ವಿಧಾನದಲ್ಲಿ ಕ್ಯಾಮೆರಾವು ಒಳಬರುವ ಬೆಳಕನ್ನು ಅಳೆದು ಶಟರ್ ವೇಗವನ್ನು ತಾನೇ ನಿರ್ಧರಿಸುತ್ತದೆ.

ಫೋಕಸ್ ಮಾಡಲು ಎರಡು ಸಹಾಯಕ ಸೌಲಭ್ಯಗಳಿವೆ. ಫೋಕಸ್ ಪೀಕಿಂಗ್ ಎಂಬುದು ಸ್ಪಷ್ಟವಾಗಿರುವ ಅಂಚುಗಳನ್ನು ಬಣ್ಣದಿಂದ ಗುರುತಿಸುತ್ತದೆ. ಇದು ವೇಗವಾಗಿದ್ದರೂ, ಎಫ್/1.4ರಂತಹ ಅಗಲ ದ್ಯುತಿರಂಧ್ರದಲ್ಲಿ ಫೋಕಸ್ ಕಣ್ಣಿನ ಮೇಲಿದೆಯೋ ಹುಬ್ಬಿನ ಮೇಲಿದೆಯೋ ಎಂಬ ಸೂಕ್ಷ್ಮವನ್ನು ತೋರಿಸಲಾರದು. ಅಂತಹ ಸಂದರ್ಭದಲ್ಲಿ ಬಿಂಬವನ್ನು ಹಿಗ್ಗಿಸಿ ನೋಡುವ ಸೌಲಭ್ಯ ಹೆಚ್ಚು ವಿಶ್ವಾಸಾರ್ಹ.

ಕ್ಯಾಮೆರಾದೊಳಗೆ ಅಲುಗಾಟ ತಡೆಯುವ ವ್ಯವಸ್ಥೆಯಿದ್ದರೆ ಮಸೂರದ ಸಂಗಮ ದೂರವನ್ನು ಕೈಯಾರೆ ನಮೂದಿಸಬೇಕು. ಮಸೂರ ಬದಲಿಸಿದಾಗ ಈ ಸಂಖ್ಯೆಯನ್ನು ಬದಲಿಸದಿದ್ದರೆ ಅಲುಗಾಟದ ಪರಿಹಾರ ತಪ್ಪಾಗಿ ಚಿತ್ರ ಮಸುಕಾಗಬಹುದು.

ಮಿತಿಗಳು

ಎಲ್ಲ ಹಳೆಯ ಮಸೂರಗಳೂ ಸಮಾನ ಫಲ ಕೊಡುವುದಿಲ್ಲ. ರೇಂಜ್‌ಫೈಂಡರ್ ಕ್ಯಾಮೆರಾಗಳ ವೈಡ್-ಆಂಗಲ್ ಮಸೂರಗಳಲ್ಲಿ ಬೆಳಕು ಸಂವೇದಕದ ಅಂಚುಗಳನ್ನು ಬಹಳ ಓರೆಯಾಗಿ ತಲುಪುತ್ತದೆ. ಸಂವೇದಕದ ಮುಂದಿರುವ ದಪ್ಪ ಗಾಜಿನ ಪದರವನ್ನು ಹಾಯುವಾಗ ಆ ಬೆಳಕು ಪಥ ಬದಲಿಸುವುದರಿಂದ ಚಿತ್ರದ ಮೂಲೆಗಳು ಮಸುಕಾಗುತ್ತವೆ; ಕೆಲವೊಮ್ಮೆ ಬಣ್ಣವೂ ಬದಲಾಗುತ್ತದೆ. ಎಸ್‌ಎಲ್‌ಆರ್ ಮಸೂರಗಳಲ್ಲಿ ಈ ದೋಷ ಕಡಿಮೆ.

ಅನೇಕ ಅಡಾಪ್ಟರುಗಳನ್ನು ಅಗತ್ಯಕ್ಕಿಂತ ತುಸು ತೆಳುವಾಗಿ ತಯಾರಿಸಲಾಗುತ್ತದೆ. ಆಗ ಮಸೂರವು ಅನಂತದ ಗುರುತನ್ನು ತಲುಪುವ ಮೊದಲೇ ದೂರದ ವಸ್ತುಗಳು ಸ್ಪಷ್ಟವಾಗುತ್ತವೆ; ಮಸೂರದ ಮೇಲಿನ ದೂರಸೂಚಿಯನ್ನು ನಂಬುವಂತಿಲ್ಲ.

ಮಸೂರದ ಸ್ಥಿತಿಯನ್ನೂ ಪರಿಶೀಲಿಸಬೇಕಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಂತಹ ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ ಗಾಜಿನ ಮೇಲೆ ಶಿಲೀಂಧ್ರ ಬೆಳೆದು ಮೇಲ್ಲೇಪವನ್ನು ಶಾಶ್ವತವಾಗಿ ಹಾಳುಮಾಡಬಹುದು. ಸೂಪರ್-ಟಕುಮಾರ್ 50 ಮಿ.ಮೀ. ಎಫ್/1.4 ಮಸೂರದ ಕೆಲವು ಆವೃತ್ತಿಗಳಲ್ಲಿ ಥೋರಿಯಂ ಬೆರೆತ ಗಾಜು ಕಾಲಕ್ರಮೇಣ ಹಳದಿಗಟ್ಟುತ್ತದೆ. ನೇರಳಾತೀತ ಬೆಳಕಿಗೆ ಒಡ್ಡಿದಾಗ ಈ ಬಣ್ಣ ತಗ್ಗುತ್ತದೆ.

ಕೆಲವು ದೋಷಗಳೇ ಬೇಡಿಕೆಗೆ ಕಾರಣವಾಗಿರುವುದೂ ಉಂಟು. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಹೆಲಿಯೋಸ್ 44-2 ಮಸೂರವು ಹಿನ್ನೆಲೆಯನ್ನು ಸುಳಿಯಂತೆ ಸುತ್ತುವಂತೆ ತೋರಿಸುತ್ತದೆ. ಈ ಪರಿಣಾಮವು ಚೌಕಟ್ಟಿನ ಅಂಚುಗಳಲ್ಲಿ ಪ್ರಬಲವಾಗಿರುವುದರಿಂದ ಫುಲ್-ಫ್ರೇಮ್ ಸಂವೇದಕದಲ್ಲಿಯೇ ಪೂರ್ಣವಾಗಿ ಗೋಚರಿಸುತ್ತದೆ.