ಕೆರೆ ಊರಿನದು, ಕಸವೂ ಊರಿನದೇ

2024ರ ಸೆಪ್ಟೆಂಬರ್ 27, ಶುಕ್ರವಾರ ಬೆಳಗ್ಗೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಲೇಕ್ ಲ್ಯೂರ್ ಎಂಬ ಪುಟ್ಟ ಊರಿನಲ್ಲಿ ಕಟ್ಟೆಯ ನೆತ್ತಿಯ ಮೇಲಿಂದಲೇ ನೀರು ಧುಮುಕುತ್ತಿತ್ತು. ಕಟ್ಟೆ ಇನ್ನೇನು ಒಡೆಯುತ್ತೆ, ಕೆಳಗಿರೋರೆಲ್ಲ ಈ ಕ್ಷಣವೇ ಎತ್ತರದ ಜಾಗಕ್ಕೆ ಓಡಿ ಎಂದು ಅಧಿಕಾರಿಗಳು ಸಾರಿದರು. ಹೊಳೆಯ ದಂಡೆಯವರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು.

ಕಟ್ಟೆ ಒಡೆಯಲಿಲ್ಲ. ಪಕ್ಕದ ಮಣ್ಣು ಕೊರೆದುಹೋಯಿತು, ಗೋಡೆ ಮಾತ್ರ ನಿಂತಿತು. ಜನ ಉಸಿರು ಬಿಟ್ಟರು.

ಆದರೆ ಮಳೆ ನಿಂತ ಮೇಲೆ ಕೆರೆಯ ಕಡೆ ತಿರುಗಿ ನೋಡಿದವರಿಗೆ ನೀರೇ ಕಾಣಲಿಲ್ಲ. ಬುಡಸಮೇತ ಕಿತ್ತುಬಂದ ಮರ, ಮನೆಯ ಚಾವಣಿ, ಅಂಗಡಿಯ ಗೋಡೆ, ಗ್ಯಾಸ್ ಟ್ಯಾಂಕು, ದೋಣಿ ಎಲ್ಲ ಸೇರಿ ಒಂದು ತೇಲುವ ತಿಪ್ಪೆ!

ಈ ತಿಪ್ಪೆ ಎತ್ತೋರು ಯಾರು? ಕೆರೆ ಆ ಊರಿನ ಪುರಸಭೆಯದು. ಹಾಗಾದ ಮೇಲೆ ತಿಪ್ಪೆಯೂ ಪುರಸಭೆಯದೇ. ಮುಂದಿನ ಕಥೆಯೆಲ್ಲ ಇಷ್ಟರಲ್ಲೇ ಇದೆ.

ಕೆರೆ ಕೊಂಡ ಊರು

ಲೇಕ್ ಲ್ಯೂರ್ ದೊಡ್ಡ ಊರೇನಲ್ಲ. 2020ರ ಜನಗಣತಿಯಲ್ಲಿ ಸಿಕ್ಕ ತಲೆ 1,400ಕ್ಕಿಂತ ಕಡಿಮೆ. ಮೇಯರ್ ಒಬ್ಬರು, ಜೊತೆಗೆ ನಾಲ್ಕು ಜನ ಪುರಪಿತೃಗಳು, ದಿನದ ಕೆಲಸ ನೋಡಲು ಸಂಬಳದ ಮ್ಯಾನೇಜರ್ ಒಬ್ಬರು. ಚಂಡಮಾರುತ ಬಂದಾಗ ಮೇಯರ್ ಕುರ್ಚಿಯಲ್ಲಿದ್ದವರು ಕರೋಲ್ ಪ್ರಿಚೆಟ್ ಎಂಬ ಮಹಿಳೆ.

ಊರು ಹುಟ್ಟಿದ್ದೇ ಕೆರೆಗಾಗಿ. ಲೂಷಿಯಸ್ ಮೋರ್ಸ್ ಎಂಬ ಡಾಕ್ಟರು ಆ ಬೆಟ್ಟದ ಸೀಮೆಗೆ ಮನಸೋತು ಅಣ್ಣತಮ್ಮಂದಿರ ಜೊತೆ ಜಮೀನು ಕೊಂಡರು. ರಾಕಿ ಬ್ರಾಡ್ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದರೆ ಪ್ರವಾಸಿಗಳು ಹರಿದು ಬರುತ್ತಾರೆಂಬ ಲೆಕ್ಕ ಹಾಕಿದರು. 1920ರ ದಶಕದಲ್ಲಿ ಕಾಂಕ್ರೀಟ್ ಕಟ್ಟೆ ಎದ್ದಿತು. 720 ಎಕರೆ ಕೆರೆ ತುಂಬಿತು. 1927ರಲ್ಲಿ ಊರಿಗೆ ಪುರಸಭೆಯೂ ಬಂತು. 1929ರ ಆರ್ಥಿಕ ಕುಸಿತ ಬಡಿದ ಮೇಲೆ ಡಾಕ್ಟರ ಕೈಯಿಂದ ಕೆರೆ ಜಾರಿತು. ಆಮೇಲೆ ಅದು ವಿದ್ಯುತ್ ಕಂಪನಿಯ ಸ್ವತ್ತಾಗಿತ್ತು. 1965ರಲ್ಲಿ ಊರೇ ಮುಂದೆ ಬಂದು ಕೆರೆ, ಕಟ್ಟೆ ಎರಡನ್ನೂ ಕೊಂಡಿತು.

ಆಗ ಅದು ಬುದ್ಧಿವಂತರ ವ್ಯಾಪಾರ. ದೋಣಿ ಇಳಿಸಲು ಪರ್ಮಿಟ್ಟು, ಅದಕ್ಕೆ ಶುಲ್ಕ. ಮರಳು ದಂಡೆಯಲ್ಲಿ ಈಜಲು ಟಿಕೆಟ್ಟು. ಕಟ್ಟೆಯ ಕೆಳಗೆ ವಿದ್ಯುತ್ ಉತ್ಪಾದನೆ, ಅದನ್ನು ಮಾರಿದ ದುಡ್ಡು ಪುರಸಭೆಯ ಖಜಾನೆಗೆ. ಕೆರೆ ಕಾಣುವ ಮನೆಗೆ ಬೆಲೆ ಹೆಚ್ಚು, ಬೆಲೆ ಹೆಚ್ಚಾದಷ್ಟು ಮನೆಗಂದಾಯವೂ ಹೆಚ್ಚು. 1986ರಲ್ಲಿ 'ಡರ್ಟಿ ಡಾನ್ಸಿಂಗ್' ಸಿನಿಮಾದ ಒಂದಷ್ಟು ಭಾಗ ಇಲ್ಲೇ ತೆಗೆದರು. ಮುಂದಿನ ವರ್ಷ ಚಿತ್ರ ಬಿಡುಗಡೆಯಾಗಿ ಓಡಿದ್ದೇ ಓಡಿದ್ದು, ಕೆರೆ ನೋಡಲು ಬರೋರ ಸಂಖ್ಯೆಯೂ ಬೆಳೆಯಿತು.

ಒಟ್ಟಿನಲ್ಲಿ ಕೆರೆಯೇ ಊರಿನ ಗಲ್ಲಾಪೆಟ್ಟಿಗೆ.

ಸಮುದ್ರ ದೂರ, ಆದರೂ ಪೆಟ್ಟು

ಹೆಲೀನ್ ಚಂಡಮಾರುತ ನೆಲ ಮುಟ್ಟಿದ್ದು ಫ್ಲಾರಿಡಾದಲ್ಲಿ, 26ರ ರಾತ್ರಿ. ಗಾಳಿಯ ವೇಗ ಗಂಟೆಗೆ ಸುಮಾರು 225 ಕಿಲೋಮೀಟರ್. ಅಲ್ಲಿಂದ ಲೇಕ್ ಲ್ಯೂರ್‌ಗೆ ಸುಮಾರು 600 ಕಿಲೋಮೀಟರ್ ದೂರ. ಸಮುದ್ರದ ಬಿರುಗಾಳಿ ಇಷ್ಟು ದೂರದ ಬೆಟ್ಟದೂರಿಗೆ ಏನು ಮಾಡೀತು ಎಂದು ಯಾರಿಗಾದರೂ ಅನ್ನಿಸಬಹುದು.

ಮಾಡಿದ್ದು ಗಾಳಿಗಿಂತ ಹೆಚ್ಚಾಗಿ ನೀರು. ಚಂಡಮಾರುತ ತಲುಪುವ ಮೊದಲೇ ಆ ಸೀಮೆಯಲ್ಲಿ ಮಳೆ ಹೊಡೆದು ನೆಲ ನೆನೆದು ಮುದ್ದೆಯಾಗಿತ್ತು. ಅದರ ಮೇಲೆ ಹೆಲೀನ್ ಮಳೆ ಸುರಿಯಿತು. ಬೆಟ್ಟದ ಸಾಲಿನಲ್ಲಿ ಒಂದೆಡೆಯಂತೂ ಆ ಮೂರ್ನಾಲ್ಕು ದಿನಕ್ಕೆ 30 ಅಂಗುಲ ದಾಟಿತು. ನೆಲ ಕುಡಿಯಲಿಲ್ಲ, ಎಲ್ಲ ನೀರೂ ಹೊಳೆಗೇ ಬಂತು. ಹೊಳೆ ಹರಿಯುವುದು ಎರಡು ಬೆಟ್ಟದ ನಡುವಿನ ಇಕ್ಕಟ್ಟಿನ ಕಣಿವೆಯಲ್ಲಿ. ಅಲ್ಲಿ ನೀರು ಅಗಲವಾಗಲು ಜಾಗವಿಲ್ಲ, ಮೇಲಕ್ಕೇ ಏರಬೇಕು.

ಕೆರೆಗೆ ಸ್ವಲ್ಪ ಮೇಲೆ, ಅದೇ ಕಣಿವೆಯಲ್ಲಿ ಚಿಮ್ನಿ ರಾಕ್ ಎಂಬ ಹಳ್ಳಿ. ಇನ್ನೂರು ಜನವೂ ಇಲ್ಲ, ಆದರೆ ರಸ್ತೆಯುದ್ದಕ್ಕೂ ಅಂಗಡಿ, ಹೋಟೆಲು. ಪಕ್ಕದ ಬೆಟ್ಟದ ಕಲ್ಲಿನ ಕಂಬ ನೋಡಲು ಬರುವ ಪ್ರವಾಸಿಗಳೇ ಇವರ ಗಿರಾಕಿಗಳು. ಹೊಳೆ ಉಕ್ಕಿ ದಂಡೆ ಕಡೆಯ ಅಂಗಡಿಗಳನ್ನು ಎತ್ತಿಕೊಂಡು ಹೋಯಿತು. ರಸ್ತೆ ಹೋಯಿತು, ಸೇತುವೆ ಹೋಯಿತು. ಕೆರೆಯ ಬಾಯಲ್ಲಿದ್ದ 1925ರ ಹಳೇ ಸೇತುವೆಯನ್ನು ಸ್ವಯಂಸೇವಕರು ಹೂದೋಟ ಮಾಡಿಟ್ಟಿದ್ದರು. ಅದೂ ಹೋಯಿತು. ಹೋದದ್ದೆಲ್ಲ ಎಲ್ಲಿಗೆ ಬಂತು? ಕೆಳಗಿನ ಕೆರೆಗೆ.

ಹೆಲೀನ್‌ನಿಂದ ಅಮೆರಿಕದಲ್ಲಿ ಸತ್ತವರು 200ಕ್ಕೂ ಹೆಚ್ಚು. ನಾರ್ತ್ ಕೆರೊಲಿನಾ ಒಂದರಲ್ಲೇ ನೂರು ದಾಟಿತು.

ಮೊದಲ ವಾರಗಳು

ಇಂಥ ಹೊತ್ತಿನಲ್ಲಿ ಸಣ್ಣ ಪುರಸಭೆಯ ಪಾಡು ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕರೆಂಟಿಲ್ಲ, ಫೋನಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಒಳಚರಂಡಿ ಕೆಟ್ಟು ಕೂತಿದೆ. ಕೆಲಸ ಮಾಡಬೇಕಾದ ಸಿಬ್ಬಂದಿಯ ಮನೆಗೂ ಅದೇ ಗತಿ. ಅತ್ತ ಪರಊರಲ್ಲಿರೋ ಮನೆ ಮಾಲೀಕರಿಗೆ ತಮ್ಮ ಮನೆ ಉಳಿದಿದೆಯೋ ಇಲ್ಲವೋ ಎಂಬ ಚಿಂತೆ. ಲೇಕ್ ಲ್ಯೂರ್‌ನಲ್ಲಿ ರಜೆಗೆ ಮಾತ್ರ ಬರುವವರ ಮನೆಗಳು ಬಹಳ. ಕಂದಾಯ ಅವರದು, ವೋಟು ಮಾತ್ರ ಇಲ್ಲಿಲ್ಲ!

ಊರಿನ ದಾರಿಗೆ ಪೊಲೀಸ್ ತಡೆ ಬಿತ್ತು. ಊರಿನವರೆಂದು ತೋರಿಸಿದವರಿಗಷ್ಟೇ ಪ್ರವೇಶ. ನೋಡಲು ಬಂದವರಿಗೂ, ಕದಿಯಲು ಬಂದವರಿಗೂ ಬಾಗಿಲು ಬಂದ್.

ಕೈ ಕೊಟ್ಟವರೂ ಇದ್ದರು. ನ್ಯಾಷನಲ್ ಗಾರ್ಡ್ ಪಡೆ ಬಂತು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯವರು ಯಂತ್ರ ತಂದು ಚಿಮ್ನಿ ರಾಕ್ ಕಡೆಯ ಕೊಚ್ಚಿಹೋದ ರಸ್ತೆಗೆ ದಾರಿ ಮಾಡಿದರು. ಸ್ವಂತ ಕಾರನ್ನೇ ಇಟ್ಟುಕೊಳ್ಳದ ಆಮಿಶ್ ಪಂಥದ ಬಡಗಿಗಳು ದೂರದ ಪೆನ್ಸಿಲ್ವೇನಿಯಾದಿಂದ ಬಂದು ಅಂಗಡಿಗಳ ಗೋಡೆ ನಿಲ್ಲಿಸಿದರು, ಚಾವಣಿ ಹಾಕಿದರು. ಕೂಲಿ ಕೇಳಲಿಲ್ಲ.

ಆದರೆ 720 ಎಕರೆ ಕೆರೆಯನ್ನು ಸ್ವಯಂಸೇವಕರು ಬರಿಗೈಲಿ ಎತ್ತಲಾದೀತೆ?

ಮೊದಲು ಹಾಕು, ಆಮೇಲೆ ಇಸ್ಕೋ

ಅಮೆರಿಕದಲ್ಲಿ ಇಂಥ ವಿಪತ್ತಿಗೆ ದುಡ್ಡು ಕೊಡುವುದು ಫೀಮಾ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಶ್ರೀಮಂತ ದೇಶ, ಚೆಕ್ಕು ಹರಿದು ಕೊಡ್ತಾರೆ ಎಂದು ತಿಳಿದರೆ ತಪ್ಪು. ರೂಢಿಯ ಕ್ರಮ ಬೇರೆ. ಮೊದಲು ಪುರಸಭೆ ಕೈಯಿಂದ ಖರ್ಚು ಮಾಡಬೇಕು. ಪ್ರತಿ ಲಾರಿ ಲೋಡು, ಪ್ರತಿ ಗಂಟೆ ಕೂಲಿ, ಪ್ರತಿ ಯಂತ್ರದ ಬಾಡಿಗೆಗೆ ಕಾಗದ ಇಡಬೇಕು. ಗುತ್ತಿಗೆಗೆ ನಿಯಮದಂತೆ ಟೆಂಡರ್ ಆಗಿರಬೇಕು. ಆ ಕಾಗದ ಒಪ್ಪಿಗೆಯಾದರೆ ಹಣ ವಾಪಸು. ಕೆಲವೊಮ್ಮೆ ತಿಂಗಳು, ಕೆಲವೊಮ್ಮೆ ವರ್ಷ. ಕಾಗದ ಸರಿಯಿಲ್ಲದಿದ್ದರೆ ಕೊಟ್ಟದ್ದನ್ನೂ ವಾಪಸು ಕೇಳುವ ಅಧಿಕಾರ ಅವರಿಗುಂಟು.

ಉದ್ರಿ ವ್ಯಾಪಾರ ಮಾಡುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಬೇಕಾದ ಬಾಕಿ ಎಷ್ಟೇ ಇರಲಿ, ನಾಳೆ ಬೆಳಗ್ಗೆ ಮಾಲು ಇಳಿಸಲು ಬೇಕಾದ್ದು ಕೈಯಲ್ಲಿನ ನಗದು. ಸಾವಿರದ ಚಿಲ್ಲರೆ ಜನರ ಊರಿಗೆ ನಗದು ಎಲ್ಲಿಂದ? ಸಾಲ ಎತ್ತೋಣವೆಂದರೆ ಆ ರಾಜ್ಯದಲ್ಲಿ ಪುರಸಭೆಗಳ ಸಾಲದ ಮೇಲೆ ಕಣ್ಣಿಡಲು ರಾಜ್ಯದ್ದೇ ಒಂದು ಆಯೋಗವಿದೆ. ಬಜೆಟ್ಟಿನಲ್ಲಿ ಆದಾಯ, ವೆಚ್ಚ ಸರಿತೂಗಲೇಬೇಕೆಂಬ ಕಾನೂನೂ ಇದೆ. ಕೊನೆಗೆ ಇಂಥ ಊರುಗಳಿಗೆ ಕೈಬದಲು ಕೊಡಲು ರಾಜ್ಯ ಸರ್ಕಾರವೇ ಸಾಲದ ಯೋಜನೆ ತಂದಿತು.

ಕಸ ಎತ್ತುವ ಖರ್ಚಿನಲ್ಲಿ ಮೊದಲ ಆರು ತಿಂಗಳಿನದನ್ನು ಪೂರ್ತಿ ತಾನೇ ಹೊರುವುದಾಗಿ ಕೇಂದ್ರ ಒಪ್ಪಿತ್ತು. ಆರು ತಿಂಗಳಲ್ಲಿ ಮುಗಿಯುವ ಕೆಲಸವೇ ಅದು? ಅವಧಿ ವಿಸ್ತರಿಸಿ ಎಂದು ರಾಜ್ಯಪಾಲ ಜೋಶ್ ಸ್ಟೈನ್ ಮೇಲ್ಮನವಿ ಹಾಕಿದರು. 2025ರ ಮೇ ತಿಂಗಳಲ್ಲಿ ಆಗೋಲ್ಲ ಎಂಬ ಉತ್ತರ ಬಂತು. ಅಲ್ಲಿಂದಾಚೆಗೆ ಒಂದು ಪಾಲು ರಾಜ್ಯದ ತಲೆಗೇ ಬಿತ್ತು.

ಕೆರೆ ಬರಿದು ಮಾಡಿ...

ಪುರಸಭೆ ಒಂದು ಜಾಣತನ ತೋರಿತು. ಕೆರೆಯ ಕೆಲಸ ನಮ್ಮ ಕೈಲಾಗದು ಎಂದು ಮುಂಚೆಯೇ ಒಪ್ಪಿಕೊಂಡು ಮೇಲಿನವರ ನೆರವು ಕೇಳಿತು. ಅಮೆರಿಕ ಸೇನೆಯ ಎಂಜಿನಿಯರಿಂಗ್ ದಳ ಗುತ್ತಿಗೆದಾರರ ಮೂಲಕ ಕೆರೆಗೆ ಇಳಿಯಿತು. ಮೊದಲು ತೇಲುವುದನ್ನು ಎಳೆದು ತೆಗೆದರು. ತೇಲುವುದು ಕಾಲು ಪಾಲು ಅಂದುಕೊಳ್ಳಿ, ಮುಳುಗಿದ್ದನ್ನು ತೆಗೆಯೋದು ಹೇಗೆ? ಕೆರೆಯ ನೀರು ಇಳಿಸಿದರು. ನೀರು ಇಳಿದಾಗ ಎರಡನೇ ಸತ್ಯ ಕಂಡಿತು. ಹೂಳು! ಹೊಳೆ ಬಂದು ಸೇರುವ ಕಡೆ ಬೆಟ್ಟದ ಮಣ್ಣು, ಮರಳು, ಬಂಡೆ ಬಂದು ಕೂತು ದೋಣಿ ಓಡುತ್ತಿದ್ದ ಜಾಗದಲ್ಲಿ ಲಾರಿ ಓಡುವಂತಾಗಿತ್ತು.

ಮರ ತೆಗೆದರೆ ಸಾಕೋ, ಹೂಳೂ ತೆಗೆಯಬೇಕೋ? ಹೂಳು ಎಷ್ಟು ಆಳ ತೆಗೆದರೆ ಕೇಂದ್ರದ ಹಣ, ಅದಕ್ಕೂ ಕೆಳಗೆ ಹೋದರೆ ಯಾರ ಹಣ? ಚಂಡಮಾರುತ ತಂದ ಹೂಳು ಇದು, ಮೊದಲೇ ಇದ್ದ ಹೂಳು ಅದು ಎಂದು ವಿಂಗಡಿಸೋದು ಹೇಗೆ? ಪರಿಹಾರದ ನಿಯಮದಲ್ಲಿ ಇಂಥ ಪ್ರಶ್ನೆಗಳು ಬಂದೇ ಬರುತ್ತವೆ. ಹಿಂದಿನ ಅಳತೆಯ ದಾಖಲೆ ಇಟ್ಟುಕೊಂಡ ಊರು ಗೆಲ್ಲುತ್ತದೆ, ಇಲ್ಲದ ಊರು ಬಾಯಿ ಬಾಯಿ ಬಿಡುತ್ತದೆ.

ಖಾಸಗಿ ಜಾಗದ್ದು ಇನ್ನೊಂದು ತಕರಾರು. ಕೆರೆ ಊರಿನದಾದರೂ ದಂಡೆಯ ಮನೆ, ಅಂಗಳ ಖಾಸಗಿಯವರದು. ಅಲ್ಲಿ ಬಿದ್ದ ಕಸಕ್ಕೆ ಕೈ ಹಾಕಬೇಕಾದರೆ ಮಾಲೀಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಮಾಲೀಕ ಎಲ್ಲೋ ದೂರದ ಪಟ್ಟಣದಲ್ಲಿ!

ಅಂಗಡಿಯವರ ವನವಾಸ

ಚಂಡಮಾರುತ ಬಂದಾಗ ಚಿಮ್ನಿ ರಾಕ್ ಹಳ್ಳಿಯ ಮೇಯರ್ ಆಗಿದ್ದ ಪೀಟರ್ ಓಲಿಯರಿ ಸ್ವತಃ ಅಂಗಡಿಯವರು. ಊರಿನ ಜನರಲ್ ಸ್ಟೋರ್ಸ್ ಅವರದೇ. ಬೆಳಗ್ಗೆ ಊರಿನ ಲೆಕ್ಕ, ಸಂಜೆ ಅಂಗಡಿಯ ಲೆಕ್ಕ, ಎರಡರಲ್ಲೂ ಕೆಸರು. ಇಂಥ ಊರಲ್ಲಿ ಮೇಯರ್‌ಗೆ ವ್ಯಾಪಾರಿಯ ಕಷ್ಟ ಯಾರೂ ವಿವರಿಸಬೇಕಿಲ್ಲ.

ವ್ಯಾಪಾರಿಯ ಕಷ್ಟ ಏನೆಂದರೆ ಅಂಗಡಿ ರಿಪೇರಿ ಮಾಡಿ ಬಾಗಿಲು ತೆಗೆಯಬಹುದು, ಗಿರಾಕಿ ಎಲ್ಲಿ? ಕಲ್ಲಿನ ಕಂಬದ ಉದ್ಯಾನಕ್ಕೆ ಹೋಗುವ ಸೇತುವೆಯೇ ಕೊಚ್ಚಿಹೋಗಿತ್ತು. ತಾತ್ಕಾಲಿಕ ಸೇತುವೆ ಹಾಕಿ ಉದ್ಯಾನ ಮತ್ತೆ ತೆರೆದದ್ದು 2025ರ ಜೂನ್ 27ರಂದು. ಸರಿಯಾಗಿ ಒಂಬತ್ತು ತಿಂಗಳು! ಹಳ್ಳಿಗೆ ಜೀವ ಬಂತು. ಆದರೆ ಕೆರೆಗೆ ಆ ಬೇಸಿಗೆಯಲ್ಲಿ ದೋಣಿ ಇಳಿಯಲಿಲ್ಲ, ಈಜುವವರೂ ಬರಲಿಲ್ಲ. ದೋಣಿ ಬಾಡಿಗೆಗೆ ಕೊಡೋರು, ಲಾಡ್ಜಿನೋರು, ಹೋಟೆಲಿನೋರು ಇಡೀ ಹಂಗಾಮು ಕಳೆದುಕೊಂಡರು. ಪುರಸಭೆಗೂ ಪರ್ಮಿಟ್ಟಿನ ಹಣ ಖೋತಾ. ಖರ್ಚು ಏರಿದ ವರ್ಷವೇ ಆದಾಯ ಇಳಿಯಿತು. ಗಾಯದ ಮೇಲೆ ಬರೆ ಅಂದರೆ ಇದು.

ಚಂಡಮಾರುತಕ್ಕೂ ಮುಂಚಿನ ಬಾಕಿ

ಎಲ್ಲವನ್ನೂ ಹೆಲೀನ್ ತಲೆಗೆ ಕಟ್ಟಿದರೆ ನ್ಯಾಯವಲ್ಲ. ಲೇಕ್ ಲ್ಯೂರ್‌ನ ಒಳಚರಂಡಿ ಕೊಳವೆ ಇರುವುದು ಕೆರೆಯ ತಳದಲ್ಲೇ. 1920ರ ದಶಕದಲ್ಲಿ ನೀರು ತುಂಬುವ ಮೊದಲು ಹಾಸಿದ ಪೈಪು. ಸಂದಿಗೊಂದಿಯಿಂದ ಕೆರೆಯ ನೀರು ಅದರೊಳಕ್ಕೆ ನುಗ್ಗುತ್ತಿತ್ತು. ಬದಲಿಸಬೇಕೆಂದು ವರ್ಷಗಳಿಂದ ಮಾತು, ಯೋಜನೆ, ಅರ್ಜಿ ನಡೆದೇ ಇತ್ತು. ಕಟ್ಟೆಯದೂ ಹಾಗೇ. ಒಡೆದರೆ ಕೆಳಗಿನವರ ಪ್ರಾಣಕ್ಕೆ ಕುತ್ತು ಎಂಬ ವರ್ಗದಲ್ಲಿ ರಾಜ್ಯ ಅದನ್ನು ಇಟ್ಟಿತ್ತು. ಇಂದಿನ ಲೆಕ್ಕಕ್ಕೆ ಈ ಹಳೇ ಕಟ್ಟೆ ಸಾಲದು, ಹೊಸದು ಬೇಕು ಎಂಬ ಚರ್ಚೆಯೂ ಚಂಡಮಾರುತಕ್ಕೆ ಮುಂಚಿನದೇ.

ಆ ಶುಕ್ರವಾರ ಕಟ್ಟೆ ನಿಂತಿತು. ಮುದುಕ ಕಟ್ಟೆ ಮಾನ ಉಳಿಸಿತು. ಆದರೆ ಒಮ್ಮೆ ನಿಂತಿತೆಂದು ಇನ್ನೊಮ್ಮೆಯೂ ನಿಲ್ಲುತ್ತದೆಂದು ಬರೆದುಕೊಟ್ಟವರು ಯಾರೂ ಇಲ್ಲ.

1965ರಲ್ಲಿ ಕೆರೆ ಕೊಂಡವರು ಲಾಭದ ಲೆಕ್ಕ ಸರಿಯಾಗಿಯೇ ಹಾಕಿದ್ದರು. ಅರವತ್ತು ವರ್ಷ ಕೆರೆ ಊರನ್ನು ಸಾಕಿತು. ಈಗ ಊರು ಕೆರೆಯನ್ನು ಸಾಕಬೇಕಾದ ಸರದಿ. ಮೀನಿನ ಕೆರೆ ಯಾರದೋ ಹೂಳಿನ ಕೆರೆಯೂ ಅವರದೇ.

ಚಂಡಮಾರುತ ಬಂದ ಮೇಲೆ ಮಂತ್ರಿ ಬರುತ್ತಾರೆ, ಟೀವಿಯೋರು ಬರುತ್ತಾರೆ, ದಾನಿಗಳೂ ಬರುತ್ತಾರೆ. ಅವರೆಲ್ಲ ಹೋದ ಮೇಲೆ ಊರಲ್ಲಿ ಉಳಿಯುವುದು ಪುರಸಭೆಯ ಆ ನಾಲ್ಕಾರು ಜನ, ಮೇಜಿನ ತುಂಬ ಬಿಲ್ಲು. ಮಳೆಗೆ ಮುಂಚೆ ಪೆಟ್ಟಿಗೆಯಲ್ಲಿ ಎಷ್ಟು ಕಾಸಿತ್ತು, ಕಪಾಟಿನಲ್ಲಿ ಎಷ್ಟು ದಾಖಲೆ ಇತ್ತು ಎಂಬುದೇ ಆಗ ಊರಿನ ಹಣೆಬರಹ ಬರೆಯುತ್ತದೆ.