ಎಲೆಯ ಬೆನ್ನು ನೋಡಿ ಹೆಸರು ಹೇಳುವುದು

ನಮ್ಮ ಅಂಗಳದ ಬದಿಯ ಹಲಸಿನ ಮರಕ್ಕೆ ಹತ್ತಿದವರು ಯಾರೇ ಇರಲಿ, ಕೆಳಗಿಳಿಯುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾರೆ. "ಈ ಬಂದಣಿಕೆ ಕೆರೆದು ಹಾಕುವುದಾ ಮಾರಾಯ್ರೆ? ಮರದ ಸಾರ ಪೂರಾ ಇದೇ ಹೀರುವುದಲ್ವಾ?" ಕಳೆದ ವರ್ಷ ಹಲಸು ಕೊಯ್ಯಲು ಬಂದವರೂ ಅದನ್ನೇ ಕೇಳಿದರು. ಅವರು ತೋರಿಸಿದ್ದು ಕೊಂಬೆಯ ಕವಲಿನಲ್ಲಿ ಕುಕ್ಕೆಯ ಹಾಗೆ ಕೂತಿದ್ದ ಒಂದು ಜರೀಗಿಡವನ್ನು. ಪುತ್ತೂರು, ಸುಳ್ಯ, ಕಡಬದ ಕಡೆ ಹಳೆಯ ಹಲಸು, ಮಾವು ಇರುವ ಮನೆಯಲ್ಲೆಲ್ಲ ಇದು ಕಾಣುತ್ತದೆ. ಬಂದಣಿಕೆ ಮಾತ್ರ ಅಲ್ಲ.

ಬಂದಣಿಕೆ ಹೂ ಬಿಡುವ ಗಿಡ, ನಿಜವಾದ ಪರಾವಲಂಬಿ. ಹಣ್ಣು ತಿಂದ ಹಕ್ಕಿ ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಮೊಳೆತು, ತೊಗಟೆ ಸೀಳಿ, ಮರದ ನೀರು ಹರಿಯುವ ಕೊಳವೆಗೇ ಬಾಯಿ ಇಡುತ್ತದೆ. ಅದನ್ನು ತೆಗೆಯಬೇಕಾದರೆ ಕೊಂಬೆಯನ್ನೇ ಕಡಿಯಬೇಕು. ಜರೀಗಿಡವನ್ನು ಕತ್ತಿಯ ಮೊನೆಯಿಂದ ಎಬ್ಬಿಸಿದರೆ ಒಣ ತೊಗಟೆಯ ನಾಲ್ಕು ಚೂರಿನ ಜೊತೆ ಚಾಪೆ ಸುತ್ತಿದ ಹಾಗೆ ಏಳುತ್ತದೆ. ಕೆಳಗೆ ಮರಕ್ಕೆ ಗಾಯವಿಲ್ಲ. ಅದರ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಒಳಗೆ ಇಳಿಯುವುದಿಲ್ಲ. ಇಂಥವನ್ನು ಅಪ್ಪುಗಿಡ ಎನ್ನುತ್ತಾರೆ. ಮಳೆಗಾಲದಲ್ಲಿ ನೀರು ಕುಡಿದು ತೂಕ ಹೆಚ್ಚಿ, ಮೊದಲೇ ಲಡ್ಡಾದ ಕೊಂಬೆಯೊಂದು ಮುರಿಯಬಹುದು. ಅಪರಾಧ ಅಷ್ಟೇ.

ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಹಲಸಿನ ಮರದ ಈ ಗಿಡದ ಹೆಸರು ಡ್ರೈನೇರಿಯ ಕ್ವೆರ್ಸಿಫೋಲಿಯ. ಕೆಲವು ಹೊಸ ಪುಸ್ತಕಗಳಲ್ಲಿ ಅಗ್ಲಿಯೊಮಾರ್ಫ ಎಂದೂ ಇದೆ. ಇದಕ್ಕೆ ಎರಡು ಜಾತಿಯ ಎಲೆಗಳು. ಉದ್ದವಾಗಿ, ಆಳವಾಗಿ ಸೀಳಿಕೊಂಡು, ಹಸಿರಾಗಿ ಹೊರಗೆ ಚಾಚಿರುವವು ಬೆಳಕು ಹಿಡಿಯುವ ಎಲೆಗಳು. ಬುಡದಲ್ಲಿ ಅಂಗೈ ಅಗಲದ, ಕಂದು ಬಣ್ಣದ, ಹಪ್ಪಳದಂತೆ ಗರಿಗರಿಯಾದವು ಇನ್ನೊಂದು ಬಗೆ. ಇವು ಬೇಗ ಸಾಯುತ್ತವೆ, ಆದರೆ ಉದುರುವುದಿಲ್ಲ. ಸತ್ತ ಮೇಲೆಯೇ ಇವುಗಳ ಕೆಲಸ ಶುರು. ಹಲಸಿನ ತರಗೆಲೆ, ಹಕ್ಕಿಯ ಹಿಕ್ಕೆ, ಇರುವೆ ತಂದ ಮಣ್ಣು ಎಲ್ಲ ಈ ಕುಕ್ಕೆಯಲ್ಲಿ ಬಿದ್ದು, ಆಟಿಯ ಮಳೆಗೆ ಕೊಳೆತು ಗೊಬ್ಬರವಾಗುತ್ತದೆ. ಗಿಡದ ಬೇರು ಆ ಗೊಬ್ಬರದಲ್ಲಿದೆ. ನಾವು ಹಟ್ಟಿಯ ಹಿಂದೆ ಗೊಬ್ಬರದ ಗುಂಡಿ ಮಾಡುತ್ತೇವೆ. ಇದು ಮರದ ಮೇಲೆ ಮಾಡಿಕೊಂಡಿದೆ. ಬೇಸಿಗೆಗೆ ಹಸಿರೆಲೆ ಉದುರಿಸಿ, ತುಪ್ಪಳದಂಥ ಕಂದು ಹುರುಪೆ ಹೊದ್ದ ದಪ್ಪ ಕಾಂಡವೊಂದನ್ನೇ ಉಳಿಸಿಕೊಂಡು ಮಲಗುತ್ತದೆ. ತಮಿಳುನಾಡಿನ ಏರ್ಕಾಡಿನಂಥ ಗುಡ್ಡಗಳಲ್ಲಿ ಈ ಕಾಂಡವನ್ನೇ 'ಆಟ್ಟುಕ್ಕಾಲ್ ಕಿಳಂಗು' ಎಂದು, ಅಂದರೆ ಆಡಿನ ಕಾಲಿನ ಗೆಡ್ಡೆ ಎಂದು, ಸೂಪು ಮಾಡಲು ಮಾರುತ್ತಾರೆ. ಕಂಡರೆ ಹೆಸರು ಸರಿಯಾಗಿದೆ ಅನಿಸುತ್ತದೆ. ರೋಮ ಸಮೇತ ಕಾಲೇ.

ಇದು ಬಯಲಿನ, ತೋಟದ ಕಥೆ. ನಾನು ನಿಜವಾಗಿ ಹೇಳಹೊರಟದ್ದು ಇದರ ದಾಯಾದಿಯೊಬ್ಬನ ಬಗ್ಗೆ. ಅದನ್ನು ನೋಡಬೇಕಾದರೆ ಕುಕ್ಕೆ ಸುಬ್ರಹ್ಮಣ್ಯದ ಹಿಂದಿನ ಗುಡ್ಡ ಹತ್ತಬೇಕು.

ಕುಮಾರ ಪರ್ವತದ ತುದಿ 1,712 ಮೀಟರ್. ದೇವರಗದ್ದೆಯಿಂದ ದಟ್ಟ ಕಾಡಿನೊಳಗೆ ಹತ್ತಿ, ಗಿರಿಗದ್ದೆಯ ಭಟ್ಟರ ಮನೆ ದಾಟಿದರೆ ಕಾಡು ಹಿಂದುಳಿದು ಹುಲ್ಲುಗುಡ್ಡ ಬರುತ್ತದೆ. ಕಲ್ಲು ಮಂಟಪ, ಶೇಷ ಪರ್ವತ. ಅದರಾಚೆ ಕಣಿವೆಯಂಥ ತಗ್ಗಿನಲ್ಲಿ ಮತ್ತೆ ಒಂದು ತುಂಡು ಕಾಡು. ಹೆಚ್ಚಿನವರು ತುದಿ ಮುಟ್ಟುವ ಅವಸರದಲ್ಲಿ ಇಂಬಳಕ್ಕೆ ಬೈಯುತ್ತಾ ಇದನ್ನು ದಾಟಿಬಿಡುತ್ತಾರೆ. ಇಲ್ಲಿ ಮರಗಳು ಗಿಡ್ಡ, ಸೊಟ್ಟ, ಮೈತುಂಬ ಪಾಚಿ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿ ತಂಪು ಎಂಬ ಲೆಕ್ಕ ಹಿಡಿದರೆ, ಕೆಳಗಿನ ಸುಬ್ರಹ್ಮಣ್ಯ ಪೇಟೆಗಿಂತ ಇಲ್ಲಿ ಒಂಬತ್ತು ಹತ್ತು ಡಿಗ್ರಿ ಕಡಿಮೆ. ಮಳೆಗಾಲವಿಡೀ ಮೋಡದೊಳಗೇ ಇರುವ ಜಾಗ. ಆದರೆ ಜನವರಿ ಕಳೆದ ಮೇಲೆ ಬೀಸುವ ಗಾಳಿಗೆ ಅದೇ ಪಾಚಿ ಮುಟ್ಟಿದರೆ ಪುಡಿಯಾಗುತ್ತದೆ.

ಈ ಪಾಚಿಯ ನಡುವಿನಿಂದ ಗೇಣುದ್ದದ, ಎರಡು ಬೆರಳು ಅಗಲದ, ಸೀಳಿಲ್ಲದ ನೆಟ್ಟಗಿನ ಎಲೆಗಳು ಸಾಲಾಗಿ ಹೊರಬಂದಿರುತ್ತವೆ. ಜರೀಗಿಡ ಎಂದರೆ ಬಾಚಣಿಗೆಯಂತೆ ಸೀಳಿದ ಎಲೆ ಎಂದು ಶಾಲೆಯಲ್ಲಿ ಕಲಿತವರು ಇದನ್ನು ಸೀತಾಳೆಯ ಜಾತಿಯ ಯಾವುದೋ ಗಿಡ ಎಂದುಕೊಳ್ಳುವುದು ಸಹಜ. ನಾನೂ ಹಾಗೇ ಅಂದುಕೊಂಡು ಎಷ್ಟೋ ಸಲ ದಾಟಿ ಹೋದವನು. ಎಲೆ ಮಗುಚಿ ನೋಡಿದರೆ ಸಂಶಯ ಮುಗಿಯಿತು. ನಡುನರದ ಆಚೆ ಈಚೆ ಒಂದೊಂದು ಸಾಲು ದುಂಡು ಚುಕ್ಕಿಗಳು, ಎಲೆಯ ಮೇಲರ್ಧದಲ್ಲಿ ಮಾತ್ರ, ಅಂಗಿಯ ಗುಂಡಿ ಹೊಲಿದ ಹಾಗೆ. ಹೆಸರು ಲೆಪಿಸೋರಸ್ ನ್ಯೂಡಸ್. ಪಶ್ಚಿಮ ಘಟ್ಟದ ಎತ್ತರದ ಕಾಡುಗಳಲ್ಲೂ ಹಿಮಾಲಯದಲ್ಲೂ ಇರುವಂಥದ್ದು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಲೆನ್ಸ್ ಒಂದು ಕಿಸೆಯಲ್ಲಿದ್ದರೆ ಮುಂದಿನದು ಸುಲಭ. ಮೊದಲು ಎಲೆ ಹುಟ್ಟುವ ಬುಡ ನೋಡಬೇಕು. ಪಾಚಿಯ ಅಡಿಯಲ್ಲಿ ಬಳ್ಳಿಯಂತೆ ಹರಿದ ಸಪೂರ ಕಾಂಡವಿರುತ್ತದೆ, ಮೈಮೇಲೆ ಕಪ್ಪು ಹುರುಪೆ. ಒಂದು ಹುರುಪೆಯನ್ನು ಬೆಳಕಿಗೆ ಹಿಡಿದರೆ ಕಿಟಕಿಯ ಸರಳಿನ ಹಾಗೆ ಕಾಣುತ್ತದೆ. ಜೀವಕೋಶದ ಗೋಡೆಗಳು ಕಪ್ಪು, ನಡುವೆ ಪಾರದರ್ಶಕ. ಈ ಜಾಲರಿ ಈ ಗುಂಪಿನ ಗುರುತು. ಆಮೇಲೆ ಎಲೆಯನ್ನು ಸೂರ್ಯನಿಗೆ ಎದುರು ಹಿಡಿದು ನರ ನೋಡಬೇಕು. ತೊಗಲಿನಂಥ ಎಲೆಯಾದ್ದರಿಂದ ಸುಲಭಕ್ಕೆ ಕಾಣುವುದಿಲ್ಲ. ಕಂಡರೆ ಅದು ಮೀನುಬಲೆಯಂತೆ ಒಂದಕ್ಕೊಂದು ಕೂಡಿದ ಬಲೆ. ಕೊನೆಗೆ ಚುಕ್ಕಿ. ಎಳೆಯ ಚುಕ್ಕಿಯ ಮೇಲೆ ಪುಟ್ಟ ಕೊಡೆಗಳು ಬಿಡಿಸಿಕೊಂಡು ಕೂತಿರುತ್ತವೆ, ನಿಜವಾಗಿ ಕೊಡೆಯದ್ದೇ ಆಕಾರ, ನಡುವೆ ಕಾಲು, ಸುತ್ತ ಬಟ್ಟೆ. ಅವೂ ಹುರುಪೆಗಳೇ. ಚುಕ್ಕಿ ಬಲಿತಾಗ ಉದುರಿಹೋಗುತ್ತವೆ.

ಹೆಸರಿನ ತಮಾಷೆ ಇರುವುದೂ ಇಲ್ಲಿಯೇ. ಗ್ರೀಕಿನಲ್ಲಿ ಲೆಪಿಸ್ ಎಂದರೆ ಹುರುಪೆ, ಸೋರಸ್ ಎಂದರೆ ರಾಶಿ. ಹುರುಪೆ ಹೊದ್ದ ರಾಶಿ. ಲ್ಯಾಟಿನಿನಲ್ಲಿ ನ್ಯೂಡಸ್ ಎಂದರೆ ಬೆತ್ತಲೆ. ಹೊದ್ದುಕೊಂಡ ಬೆತ್ತಲೆ! ಎರಡು ಹೆಸರನ್ನೂ ಒಬ್ಬರೇ ಇಟ್ಟಿದ್ದರೆ ತಲೆ ಸರಿ ಇಲ್ಲ ಅನ್ನಬಹುದಿತ್ತು. ಇಟ್ಟವರು ಬೇರೆ ಬೇರೆ, ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಂತರ.

1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಜೋಡಿ ಹೆಸರು ಕೊಟ್ಟಾಗ, ಎಲೆಯ ಬೆನ್ನಲ್ಲಿ ದುಂಡು ಚುಕ್ಕಿ ಇರುವ ಜರೀಗಿಡಗಳನ್ನೆಲ್ಲ ಪಾಲಿಪೋಡಿಯಂ ಎಂಬ ಒಂದೇ ಗೋಣಿಗೆ ತುಂಬಿದ. ನಮ್ಮ ಹಲಸಿನ ಮರದ ಗಿಡವೂ ಅದರಲ್ಲಿತ್ತು. ಎಲೆ ಓಕ್ ಮರದ ಎಲೆಯಂತಿದೆ ಎಂದು ಕ್ವೆರ್ಸಿಫೋಲಿಯಂ. ಜಪಾನಿಗೆ ಹೋಗಿಬಂದ ಅವನ ಶಿಷ್ಯ ಥುನ್‌ಬರ್ಗ್ 1784ರಲ್ಲಿ ಅಲ್ಲಿಯ ಒಂದು ನೆಟ್ಟಗಿನ ಎಲೆಯ ಜರೀಗಿಡಕ್ಕೆ ಪಾಲಿಪೋಡಿಯಂ ಲಿನಿಯೇರ್ ಎಂದ. ಮುಂದೆ ಇಂಡಿಯಾದ ಬೆಟ್ಟಗಳಲ್ಲಿ ಸಿಕ್ಕಿದ ಅಂಥದ್ದೇ ಗಿಡಗಳಿಗೂ ಬಹುಕಾಲ ಆ ಹೆಸರೇ ಅಂಟಿಕೊಂಡಿತು. 1823ರಲ್ಲಿ ವಿಲಿಯಂ ಹೂಕರ್ ನಮ್ಮದಕ್ಕೆ ಪ್ಲಿಯೋಪೆಲ್ಟಿಸ್ ನ್ಯೂಡ ಎಂದು ಬೇರೆ ಹೆಸರಿಟ್ಟ. ಆ ಬೆತ್ತಲೆತನ ಇವತ್ತಿಗೂ ಉಳಿದಿದೆ.

ಮದರಾಸು ಅರಣ್ಯ ಇಲಾಖೆಯ ರಿಚರ್ಡ್ ಹೆನ್ರಿ ಬೆಡ್ಡೋಮ್ ಎಂಬ ಸೈನ್ಯಾಧಿಕಾರಿ 1863ರಿಂದ 1865ರ ನಡುವೆ ದಕ್ಷಿಣ ಭಾರತದ ಜರೀಗಿಡಗಳ ಚಿತ್ರಪುಸ್ತಕ ತಂದ, 1883ರಲ್ಲಿ ಇಡೀ ಬ್ರಿಟಿಷ್ ಇಂಡಿಯಾದ ಕೈಪಿಡಿ ಬರೆದ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಈಗಲೂ ಜರೀಗಿಡದ ಬೆನ್ನು ಹತ್ತಿದವರು ಆ ಚಿತ್ರಗಳನ್ನು ಮಗುಚದೆ ಮುಂದೆ ಹೋಗುವುದಿಲ್ಲ. ನಮ್ಮ ಕಾಲದಲ್ಲಿ ರಾಜಗೋಪಾಲ್ ಮತ್ತು ಉಡುಪಿಯ ಕೆ. ಗೋಪಾಲಕೃಷ್ಣ ಭಟ್ 1998ರಲ್ಲಿ ಕರ್ನಾಟಕದ ಜರೀಗಿಡಗಳ ಪಟ್ಟಿ ಪ್ರಕಟಿಸಿದರು.

ಇನ್ನು ಹೆಸರಿನ ಮೊದಲರ್ಧ. ಬೆಡ್ಡೋಮ್‌ಗಿಂತ ಮೊದಲು ಲಂಡನ್ನಿನ ಕ್ಯೂ ತೋಟದಲ್ಲಿ ಜಾನ್ ಸ್ಮಿತ್ ಎಂಬ ತೋಟಗಾರನಿದ್ದ. ಒಣಗಿಸಿದ ಹಾಳೆಗಿಂತ ಜೀವಂತ ಗಿಡ ನೋಡಿ ಕಲಿತವನು. ನನಗೆ ಇವನ ಮೇಲೆ ಸ್ವಲ್ಪ ಪಕ್ಷಪಾತವಿದೆ. ಕೊಡೆಯಂಥ ಹುರುಪೆ ಇರುವ ಗಿಡಗಳಿಗೆ 1846ರಲ್ಲಿ ಲೆಪಿಸೋರಸ್ ಎಂಬ ಹೆಸರು ಕೊಟ್ಟವನು ಅವನೇ. ಆದರೆ ಅವುಗಳನ್ನು ಇಟ್ಟದ್ದು ಡ್ರೈನೇರಿಯದ ಒಂದು ಕವಲಾಗಿ. ಅಂದರೆ ನಮ್ಮ ಅಂಗಳದ ಕುಕ್ಕೆಗಿಡ ಮತ್ತು ಕುಮಾರ ಪರ್ವತದ ಗಿಡ ಒಂದು ಕಾಲದಲ್ಲಿ ಒಂದೇ ಮನೆಯಲ್ಲಿದ್ದವು. ಪಾಲು ಮಾಡಿಕೊಟ್ಟವರು ಚೀನಾದ ಚಿಂಗ್ ರೆನ್‌ಚಾಂಗ್. 1933ರಲ್ಲಿ ಲೆಪಿಸೋರಸ್ಸನ್ನು ಸ್ವತಂತ್ರ ಕುಲ ಮಾಡಿದರು. 1940ರಲ್ಲಿ, ಹಳೆಯ ಪಾಲಿಪೋಡಿಯೇಸಿ ಎಂಬ ದೊಡ್ಡ ಕುಟುಂಬವನ್ನೇ 33 ಕುಟುಂಬಗಳಾಗಿ ಒಡೆದರು. ಅಷ್ಟು ಒಡೆಯಬೇಕಿರಲಿಲ್ಲ ಎಂದು ಅನೇಕರು ಗೊಣಗಿದರು, ಆದರೆ ಗೋಣಿ ಬಿಚ್ಚಲೇಬೇಕಿತ್ತು. ಆಮೇಲೆ ಡಿಎನ್‌ಎ ಓದುವ ಕಾಲ ಬಂತು. 2016ರಲ್ಲಿ ಜಗತ್ತಿನ ತಜ್ಞರು ಸೇರಿ ಮಾಡಿದ ವರ್ಗೀಕರಣದಲ್ಲಿ ಜರೀಗಿಡಗಳು ಮತ್ತು ಅವುಗಳ ಜೊತೆಗೆ ಎಣಿಸುವ ಗಿಡಗಳು ಸೇರಿ 51 ಕುಟುಂಬ, 337 ಕುಲ, 11,916 ಪ್ರಭೇದ. ಲೆಪಿಸೋರಸ್ ಸ್ವತಂತ್ರವಾಗಿಯೇ ಉಳಿಯಿತು. ಹೂಕರನ ಪ್ಲಿಯೋಪೆಲ್ಟಿಸ್ ಅಮೆರಿಕದ ಕಡೆಯ ಬೇರೆಯೇ ಬಳಗ ಎಂದಾಯಿತು. ಕೊಡೆಯ ಆಕಾರ ನೋಡಿ ಮೋಸಹೋಗಿದ್ದರು. ಕುಕ್ಕೆಗಿಡಕ್ಕೂ ಇದಕ್ಕೂ ಈಗ ಕುಲ ಬೇರೆ, ಕುಟುಂಬ ಒಂದೇ.

ಒಂದೇ ಕುಟುಂಬವಾದರೂ ಬದುಕುವ ದಾರಿ ಬೇರೆ. ಮೇಲಿನ ಕಾಡಿನ ಗಿಡ್ಡ ಮರದಲ್ಲಿ ತರಗೆಲೆ ಕೂಡಿಡುತ್ತೇನೆ ಎಂದರೆ ಗಾಳಿ ಬಿಡಬೇಕಲ್ಲ. ಲೆಪಿಸೋರಸ್ ಕೂಡಿಡುವ ಗೋಜಿಗೆ ಹೋಗಿಲ್ಲ. ಪಾಚಿಯ ಹೊದಿಕೆ ಸ್ಪಂಜಿನಂತೆ ಮೋಡದ ನೀರು ಹಿಡಿಯುತ್ತದೆ, ಇದರ ಬೇರು ಅದರಲ್ಲಿದೆ. ಪಾಚಿ ಒಣಗಿದಾಗ ಇದೂ ಒಣಗುತ್ತದೆ. ಎಲೆಯ ಅಂಚು ಒಳಕ್ಕೆ ಮಡಚಿ, ಎಲೆ ಸುರುಳಿಯಾಗಿ ಕೂರುತ್ತದೆ, ಸತ್ತಿತು ಅನಿಸುವಷ್ಟು. ಒಂದು ಮಳೆ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಇದೇ ಕುಟುಂಬದ ಒಂದು ಅಮೆರಿಕನ್ ಗಿಡ ಮೈಯ ನೀರಿನಲ್ಲಿ ನೂರಕ್ಕೆ 97 ಪಾಲು ಕಳೆದುಕೊಂಡೂ ಮತ್ತೆ ಹಸಿರಾಗುತ್ತದೆ. ಅಡಿಕೆ ಮರದ ಮೈಗೆ ಅಂಟಿ ಬೆಳೆಯುವ, ನಾಣ್ಯದಂಥ ದಪ್ಪ ಎಲೆಯ ಪೈರೋಸಿಯ ಹಿಡಿದದ್ದು ಮೂರನೆಯ ದಾರಿ. ಅದು ಎಲೆಯೊಳಗೇ ನೀರು ತುಂಬಿಟ್ಟುಕೊಳ್ಳುತ್ತದೆ.

ಇನ್ನು ಬೀಜ. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಬೆನ್ನಿನ ಒಂದೊಂದು ಚುಕ್ಕಿಯೂ ಹತ್ತಾರು ಪುಟ್ಟ ಚೀಲಗಳ ಗೊಂಚಲು, ಸಾಮಾನ್ಯವಾಗಿ ಒಂದು ಚೀಲದಲ್ಲಿ 64 ಬೀಜಕಣ. ಎಲೆಗೆ 30 ಚುಕ್ಕಿ, ಚುಕ್ಕಿಗೆ 50 ಚೀಲ ಎಂದು ಇಟ್ಟುಕೊಂಡರೂ ಒಂದೇ ಎಲೆಗೆ 96,000. ಚೀಲದ ಬೆನ್ನ ಮೇಲೆ ಹನ್ನೆರಡು ಹದಿಮೂರು ಜೀವಕೋಶಗಳ ಒಂದು ಪಟ್ಟಿ, ಕೋಳಿಯ ಜುಟ್ಟಿನ ಹಾಗೆ. ಕೋಶದ ಒಳಗೋಡೆ ದಪ್ಪ, ಹೊರಗೋಡೆ ತೆಳು. ಮಳೆ ಬಿಟ್ಟು ಒಣಗಾಳಿ ಬೀಸಿದಾಗ ಕೋಶದ ನೀರು ಆರುತ್ತದೆ, ತೆಳುಗೋಡೆ ಒಳಗೆ ಎಳೆಯಲ್ಪಟ್ಟು ಪಟ್ಟಿ ಹಿಂದಕ್ಕೆ ಬಾಗುತ್ತದೆ, ಚೀಲ ಸೀಳುತ್ತದೆ. ಬಾಗಿ ಬಾಗಿ ಇನ್ನು ಆಗದು ಎಂಬ ಘಳಿಗೆಯಲ್ಲಿ ಒಳಗಿನ ನೀರು ತಡೆಯದೆ ಒಡೆದು ಗಾಳಿಗುಳ್ಳೆಯಾಗುತ್ತದೆ. ಎಳೆತ ತಟ್ಟನೆ ತಪ್ಪಿ, ಪಟ್ಟಿ ಕವಣೆಯಂತೆ ಮುಂದಕ್ಕೆ ಚಿಮ್ಮುತ್ತದೆ. 2012ರಲ್ಲಿ ಹೈಸ್ಪೀಡ್ ಕ್ಯಾಮರಾ ಇಟ್ಟು ಇದನ್ನು ಸೆರೆಹಿಡಿದವರು, ಪಟ್ಟಿ ಪೂರ್ತಿ ಮರಳದೆ ನಡುದಾರಿಯಲ್ಲಿ ತಾನೇ ಬ್ರೇಕು ಹಾಕುತ್ತದೆ, ಅದರಿಂದಲೇ ಬೀಜಕಣ ಹೊರಗೆ ಹಾರುತ್ತದೆ ಎಂದು ತೋರಿಸಿದರು. ಮನುಷ್ಯನ ಕವಣೆಯಂತ್ರಕ್ಕೆ ತೋಳು ತಡೆಯುವ ಅಡ್ಡಪಟ್ಟಿ ಬೇಕು. ಇದಕ್ಕೆ ಅದೂ ಬೇಡ.

ಹಾರಿದ ಕಣ ಒದ್ದೆ ತೊಗಟೆಗೆ ಬಿದ್ದರೆ ಮೊದಲು ಹುಟ್ಟುವುದು ಜರೀಗಿಡವಲ್ಲ, ಉಗುರಿಗಿಂತ ಸಣ್ಣ ಹಸಿರು ಹಾಳೆಯೊಂದು. ಗಂಡು ಹೆಣ್ಣು ಅಂಗಗಳಿರುವುದು ಅದರಲ್ಲಿ. ಗಂಡುಕಣ ಹೆಣ್ಣಿನ ಕಡೆ ಈಜಿಕೊಂಡೇ ಹೋಗಬೇಕು, ಆದ್ದರಿಂದ ನೀರಿನ ಪೊರೆ ಇಲ್ಲದೆ ಮದುವೆ ನಡೆಯುವುದಿಲ್ಲ. ಬಿತ್ತಲು ಒಣಗಾಳಿ, ಕೂಡಲು ಮಳೆ. ಬೋರ್ಡೋ ದ್ರಾವಣ ವರ್ಷ ವರ್ಷ ಸುರಿಯುವ ಅಡಿಕೆ ಮರದ ಮೈಯಲ್ಲಿ ಪಾಚಿಯೂ ಜರಿಯೂ ಕಡಿಮೆ ಯಾಕೆ ಎಂಬುದಕ್ಕೆ ನನ್ನ ಅಂದಾಜು ಇಲ್ಲೇ ಇದೆ: ಆ ಹಸಿರು ಹಾಳೆಗೆ ಮೈಲುತುತ್ತಿನ ತಾಮ್ರ ವಿಷ.

ಇಷ್ಟೆಲ್ಲ ಓದಿ ಕುಮಾರ ಪರ್ವತದಿಂದ ಒಂದು ಗಿಡ ಕಿತ್ತು ತರುವ ಮನಸ್ಸಾದರೆ ಬೇಡ. ತುದಿಯಾಚೆ ಪುಷ್ಪಗಿರಿ ವನ್ಯಧಾಮ, ಅಲ್ಲಿಂದ ಏನು ಕೀಳುವುದೂ ಕಾನೂನಿಗೆ ವಿರುದ್ಧ. ಅಲ್ಲದೆ ಮೋಡದಲ್ಲಿ ಬದುಕುವ ಗಿಡ ಪುತ್ತೂರಿನ ಏಪ್ರಿಲ್ ಸೆಕೆ ತಡೆಯುವುದಿಲ್ಲ. ಲೆನ್ಸಿನಲ್ಲಿ ನೋಡಿ, ಎಲೆ ಮಗುಚಿ ಫೋಟೋ ತೆಗೆದು, ಬುಡದ ಹುರುಪೆಯದ್ದೂ ಒಂದು ತೆಗೆದು ಬಂದರೆ ಹೆಸರು ಹಿಡಿಯಲು ಸಾಕು. ಎಲೆಯ ಮೇಲ್ಮೈಯ ಫೋಟೋ ಒಂದೇ ಇದ್ದರೆ ಯಾವ ತಜ್ಞರೂ ಏನೂ ಹೇಳಲಾರರು.

ಕವಣೆಯ ಆಟ ನೋಡಲು ಅಂಗಳದ ಕುಕ್ಕೆಗಿಡವೇ ಸಾಕು. ಮಳೆ ಬಿಟ್ಟ ಮೇಲೆ, ಬೆನ್ನಿನ ಚುಕ್ಕಿ ಕಂದು ತಿರುಗಿದ ಒಂದು ಎಲೆ ತುಂಡು ಮಾಡಿ, ಚುಕ್ಕಿ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಮೇಲೆ ಒಂದು ಪುಸ್ತಕ ಹೇರಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಎಲೆ ಎತ್ತಿದರೆ ಕಾಗದದಲ್ಲಿ ನರ ಸಮೇತ ಎಲೆಯ ಚಿತ್ರ, ಅರಿಶಿನದ ಪುಡಿ ಉದುರಿಸಿದಂತೆ. ಅಡಿಕೆ ಸುಲಿಯಲು ಬಂದವರು ಬಗ್ಗಿ ನೋಡಿದರು. ಬಂದಣಿಕೆ ಕೆರೆದು ಹಾಕುವುದಾ ಎಂದು ಕೇಳಿದ್ದವರೇ. "ಇದರ ಬೀಜವಾ ಇದು?" ಎಂದು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು. ಕೇಳಿದ ಉಸಿರಿಗೇ ಚಿತ್ರದ ಅರ್ಧ ಭಾಗ ಹಾರಿ ತೋಟದ ಕಡೆ ಹೋಯಿತು.